ಹತ್ತಿಯ ಎಳೆ ಸಿಕ್ಕಿಕೊಂಡ ಕೊಕ್ಕೆ

ಆಸ್ಪತ್ರೆಯ ಸ್ಟೋರ್ ಮ್ಯಾನೇಜರನ ಮೇಲಿನ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ. ನನ್ನ ಅಕ್ಕನನ್ನು ಅವನು ಒಂದು ದಿನವೂ ಹೆಸರು ಹಿಡಿದು ಕರೆದವನಲ್ಲ. "ಏ ತೊಳೆಯೋಳೇ" ಅನ್ನುತ್ತಿದ್ದ.

ಅಕ್ಕ ಇಪ್ಪತ್ತಾರು ವರ್ಷ ಅಲ್ಲಿನ ನೆಲಮಾಳಿಗೆಯಲ್ಲಿ ಆಪರೇಷನ್ ಸಾಮಾನು ತೊಳೆದಳು. ಕಿಟಕಿಯಿಲ್ಲದ ಕೋಣೆ, ಎರಡು ಸ್ಟೀಲ್ ತೊಟ್ಟಿ, ಮೂಲೆಯಲ್ಲಿ ಬುಸುಗುಡುವ ಆವಿಯ ಯಂತ್ರ. ಹೊಟ್ಟೆಗೆ ಸಣ್ಣ ತೂತು ಕೊರೆದು, ಕ್ಯಾಮೆರಾ ಇಳಿಸಿ ಮಾಡುವ ಆಪರೇಷನ್ ಬಂದ ಮೇಲೆ ಅವಳ ಕೆಲಸ ದುಪ್ಪಟ್ಟಾಯಿತು. ಬೆರಳಿಗಿಂತ ತೆಳ್ಳಗಿನ ಉದ್ದುದ್ದ ಸರಳುಗಳು. ಒಂದೊಂದನ್ನೂ ಬಿಚ್ಚಿ, ಬ್ರಷ್ ತೂರಿಸಿ ಉಜ್ಜಬೇಕು. ಅವುಗಳಲ್ಲಿ ಒಂದು ಕೊಕ್ಕೆ. ಅದರ ತುದಿಯಲ್ಲಿ ಕರೆಂಟು ಹರಿದು ಮಾಂಸವನ್ನು ಸುಟ್ಟು ಬಿಡಿಸುತ್ತದೆ. ಬೇರೆಲ್ಲೂ ತಾಗದಿರಲೆಂದು ಸರಳಿಗೆ ಕಪ್ಪು ಹೊದಿಕೆ. ಅಕ್ಕ ಆ ಹೊದಿಕೆಯ ಮೇಲೆ ಹತ್ತಿಯ ಉಂಡೆ ಎಳೆಯುತ್ತಿದ್ದಳು. ಎಳೆ ಸಿಕ್ಕಿಕೊಂಡರೆ ಅಲ್ಲಿ ಕಣ್ಣಿಗೆ ಕಾಣದ ಬಿರುಕು ಇದೆಯೆಂದೇ ಅರ್ಥ.

ನನ್ನ ಹೆಂಡತಿಗೆ ಪಿತ್ತಕೋಶದಲ್ಲಿ ಕಲ್ಲಾಯಿತು. ಅವಳು ಬಟ್ಟೆ ಕಾರ್ಖಾನೆಯಲ್ಲಿ ಹೊಲಿಯುವವಳು. ರಜೆ ಹದಿನೈದು ದಿನ ದಾಟಿದರೆ ಅವಳ ಮಿಷನ್ನು ಬೇರೆಯವರ ಪಾಲು. ಅದಕ್ಕೇ, ಬಿಲ್ಲು ಜಾಸ್ತಿಯಾದರೂ ಬೇಗ ಏಳಬಹುದೆಂದು, ಅಕ್ಕನ ಆಸ್ಪತ್ರೆಯಲ್ಲೇ ತೂತಿನ ಆಪರೇಷನ್ ಆಗಲಿ ಎಂದೆವು.

ಆಪರೇಷನ್ನಿನ ದಿನ ಬೆಳಿಗ್ಗೆ ಕೊಕ್ಕೆಯ ಮೇಲೆ ಎಳೆ ಸಿಕ್ಕಿಕೊಂಡಿತು.

"ಅರವತ್ತೆರಡೇ ಆಪರೇಷನ್ ಆಗಿರೋದು. ನೂರಾದ್ರೂ ಬಾಳ್ಬೇಕು, ಆಗ್ಲೇ ಕೊಟ್ಟ ದುಡ್ಡು ಗಿಟ್ಟೋದು," ಎಂದ ಮ್ಯಾನೇಜರ್.

"ಅದು ನಿಮ್ಮ ಲೆಕ್ಕ ನೋಡ್ಕೊಂಡು ಬಿರಿಯಲ್ಲ ಸಾರ್," ಎಂದಳು ಅಕ್ಕ. ಯಾರೂ ಮತ್ತೆ ಬಳಸದಿರಲೆಂದು ಬ್ಲೇಡಿನಿಂದ ಹೊದಿಕೆಯನ್ನೇ ಸೀಳಿಬಿಟ್ಟಳು.

ಇನ್ನೊಂದು ಕೊಕ್ಕೆ ರಿಪೇರಿಗೆ ಹೋಗಿತ್ತು. ಪಿತ್ತಕೋಶದಲ್ಲಿ ಕೀವು ತುಂಬಿದೆ, ಕಾಯುವ ಹಾಗಿಲ್ಲ ಎಂದು ಡಾಕ್ಟರು ಹೊಟ್ಟೆ ತೆರೆದೇ ಆಪರೇಷನ್ ಮಾಡಿದರು. ಗೇಣುದ್ದದ ಹೊಲಿಗೆ, ಎರಡು ತಿಂಗಳ ಹಾಸಿಗೆ. ಮಿಷನ್ನು ಕೈತಪ್ಪಿತು.

ನಾನು ಅವತ್ತೇ ನೆಲಮಾಳಿಗೆಗೆ ನುಗ್ಗಿದೆ. "ಒಂದೆಳೆ ಹತ್ತಿಗೆ ನನ್ನ ಹೆಂಡ್ತಿ ಹೊಟ್ಟೆ ಸೀಳಿಸಿದ್ಯಲ್ಲೇ!"

"ಮೆತ್ತಗೆ ಮಾತಾಡೋ, ಬೆಂಕಿಪೊಟ್ಟಣ. ಒಳಗೆ ಕರುಳು ಸುಟ್ಟಿದ್ರೆ ಕ್ಯಾಮೆರಾಗೂ ಕಾಣ್ತಿರ್ಲಿಲ್ಲ."

"ನಿಂಗೇನೇ ಗೊತ್ತು? ನೀನು ತೊಳೆಯೋಳು. ತೊಳಿ, ಅಷ್ಟೇ!"

ಅಕ್ಕ ನಲ್ಲಿ ತಿರುಗಿಸಿ ಮತ್ತೆ ತೊಳೆಯತೊಡಗಿದಳು.

ಹೊಲಿಗೆ ಬಿಚ್ಚುವ ದಿನ ಡಾಕ್ಟರು ಆ ಸರಳನ್ನು ನನ್ನ ಕೈಗಿಟ್ಟರು. ಬ್ಲೇಡಿನ ಗೀರು ಹಿಡಿಕೆಯ ಹತ್ತಿರ. ಇನ್ನೊಂದು ತುದಿಯ ಕಡೆ, ಹೊದಿಕೆಯ ಮೇಲೆ ಸಾಸಿವೆಯಷ್ಟು ಸುಟ್ಟ ಕಲೆ. "ಇದು ಮೊದಲೇ ಕರೆಂಟು ಸೋರಿದ ಗುರುತು. ನಿಮ್ಮಕ್ಕ ಹೇಳಿದ್ದು ಸರಿ," ಎಂದರು. ನಾನು ವೆಲ್ಡಿಂಗ್ ಮಾಡುವವನು. ಸಿಪ್ಪೆ ಬಿರಿದ ವೈರು ಏನು ಮಾಡುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಕೊಕ್ಕೆಯ ಬೆಲೆಯನ್ನು ಅಕ್ಕನ ಸಂಬಳದಲ್ಲಿ ಆರು ತಿಂಗಳು ಮುರಿದುಕೊಂಡರು ಎಂಬುದೂ ಆಮೇಲೆ ಹೆಂಡತಿಯಿಂದ ತಿಳಿಯಿತು. "ಅತ್ತಿಗೆ ನಿಮಗೆ ಹೇಳ್ಬೇಡ ಅಂದಿದ್ರು," ಎಂದಳು.

ಅದು ತಿಳಿದ ವಾರದ ಭಾನುವಾರ ಅಕ್ಕನ ಮನೆಗೆ ಹೋದೆ. ಗೇಟಿನ ತಿರುಗಣಿ ಮುರಿದಿತ್ತು. ಕೂತು ವೆಲ್ಡ್ ಮಾಡಿದೆ.

"ಏನೋ ಹೇಳೋಕೆ ಬಂದಂಗಿತ್ತು?" ಎಂದಳು.

"ಗೇಟು ಸರಿಯಾಯ್ತು," ಎಂದೆ.

ಹೋದ ವರ್ಷ ಅಕ್ಕ ತೀರಿಕೊಂಡಳು. ತಪ್ಪಾಯ್ತು ಅನ್ನುವ ಒಂದು ಮಾತು ಅವಳಿಗೆ ಬಾಕಿಯೇ ಉಳಿಯಿತು.