ಕೊಬ್ಬರಿ ಎಣ್ಣೆಯ ಗಾಳಿ

ಹೊನ್ನಾವರದ ಹೊಳೆಯನ್ನು ಎಷ್ಟು ಸಲ ದಾಟಿದ್ದೇನೋ ಲೆಕ್ಕವಿಲ್ಲ. ಒಮ್ಮೆಯಾದರೂ ಅದರ ತಳ ಮುಟ್ಟಿ ಬರಬೇಕೆಂದು ಆಸೆಪಟ್ಟಷ್ಟು ನಾನು ಬೇರೆ ಯಾವುದಕ್ಕೂ ಆಸೆಪಟ್ಟವನಲ್ಲ. ಮದುವೆಗೂ ಇಷ್ಟು ಅವಸರ ಇರಲಿಲ್ಲ ಎಂದು ಹೆಂಡತಿ ಇವತ್ತಿಗೂ ಹಂಗಿಸುತ್ತಾಳೆ. ಯಾಕೆ ಆ ಆಸೆ ಎಂದರೆ ಹೇಳಲು ಬಾರದು. ದಿನವೂ ಒಬ್ಬರು ಕಣ್ಣೆದುರೇ ಇಳಿದು ಹೋಗಿ ಬರುತ್ತಿದ್ದರೆ ಯಾರಿಗಾದರೂ ಹೊಟ್ಟೆಕಿಚ್ಚಾಗುತ್ತದೆ.

ಅರವತ್ತರ ದಶಕದಲ್ಲಿ ಆ ಹೊಳೆಗೆ ಸೇತುವೆ ಕಟ್ಟುವಾಗ ನಾನು ಅಲ್ಲಿ ಫಿಟ್ಟರ್ ಆಗಿದ್ದೆ. ಕುಮಟೆಯಲ್ಲಿ ಲಾರಿ ಎಂಜಿನ್ ಬಿಚ್ಚಿ ಕಟ್ಟಿ ಕೈ ಪಳಗಿದವನು. ಸೇತುವೆಯ ಕಂಬದ ಬುಡಕ್ಕೆಂದು ಹೊಳೆಯೊಳಗೆ ಇಳಿಸುವ ಟೊಳ್ಳು ಕಾಂಕ್ರೀಟ್ ಬಾವಿ ಕೆಳಗೆಲ್ಲೋ ಮರದ ದಿಮ್ಮಿಗೋ ಬಂಡೆಗೋ ತಾಗಿ ವಾಲಿದರೆ, ಯಾರಾದರೂ ಮುಳುಗಿ ತಡವಿ ನೋಡಬೇಕು. ಅದಕ್ಕೆ ಭಟ್ಕಳದವರೊಬ್ಬರಿದ್ದರು. ಮುಂಬಯಿ ಬಂದರಿನಲ್ಲಿ ಕೆಲಸ ಕಲಿತವರು, ನನಗಿಂತ ಬಹಳ ದೊಡ್ಡವರು. ನಾನು ಅವರನ್ನು ಭಾಯಿ ಎನ್ನುತ್ತಿದ್ದೆ.

ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಮುಳುಗುವುದನ್ನು ಆಗ ನಾವು ಕೇಳಿಯೂ ಇರಲಿಲ್ಲ. ಭಾಯಿ ತಲೆ ಪೂರ್ತಿ ಮುಚ್ಚುವ, ಮುಖದೆದುರು ಗಾಜಿದ್ದ ತಾಮ್ರದ ಟೋಪಿ ಹಾಕಿ ಇಳಿಯುತ್ತಿದ್ದರು. ತೆಪ್ಪದ ಮೇಲೆ ಇಬ್ಬರು ಪಂಪಿನ ಚಕ್ರ ತಿರುಗಿಸಿದರೆ, ರಬ್ಬರ್ ನಳಿಗೆಯಲ್ಲಿ ಟೋಪಿಗೆ ಗಾಳಿ ಹೋಗುತ್ತಿತ್ತು. ಆ ಪಂಪು, ನಳಿಗೆ, ವಾಲ್ವು ಎಲ್ಲ ನನ್ನ ಪಾಲಿನವು.

ಉಪ್ಪುನೀರು, ಮರಳು ಎರಡೂ ಹಾಳು ಜಾತಿಯವು. ಒಂದು ದಿನ ಬಿಟ್ಟರೆ ವಾಲ್ವಿನ ಬಾಯಿ ತಿನ್ನುತ್ತವೆ. ಸಂಜೆಗೆ ಎಲ್ಲವನ್ನೂ ಬಿಚ್ಚಿ ದಡದ ಕುಡಿಯುವ ಬಾವಿಯ ಸಿಹಿನೀರಿನಲ್ಲಿ ತೊಳೆಯುತ್ತಿದ್ದೆ. ಪಂಪಿನೊಳಗಿನ ತೊಗಲಿನ ವಾಷರ್ ಒಣಗಿದರೆ ಕುಗ್ಗಿ ಪಕ್ಕದಿಂದ ಗಾಳಿ ಸೋರುತ್ತದೆ. ಅದನ್ನು ಕೊಬ್ಬರಿ ಎಣ್ಣೆ ಹಚ್ಚಿ ಕೂಸಿನ ಕಾಲು ತಿಕ್ಕಿದ ಹಾಗೆ ತಿಕ್ಕಿ ಮೆತ್ತಗೆ ಮಾಡಬೇಕು. ಟೋಪಿಗೆ ಗಾಳಿ ಬರುವಲ್ಲಿ ಒಂದು ವಾಲ್ವು; ನಳಿಗೆ ಒಡೆದರೂ ಒಳಗಿನ ಗಾಳಿ ಹಿಂದಕ್ಕೆ ಓಡದಂತೆ ತಡೆಯುವುದು ಅದೇ. ದಿನವೂ ಅದನ್ನು ಬಾಯಿಗಿಟ್ಟು ನೋಡುತ್ತಿದ್ದೆ: ಊದಿದರೆ ಗಾಳಿ ಹೋಗಬೇಕು, ಹೀರಿದರೆ ನಾಲಿಗೆಯನ್ನು ಹಿಡಿದುಕೊಳ್ಳಬೇಕು. ಎಷ್ಟು ತೊಳೆದರೂ ಅದು ಉಪ್ಪುಪ್ಪೇ.

“ನಿನ್ ಎಣ್ಣೆ ವಾಸನೆಗೆ ಹೊಳೆ ತಳದಲ್ಲಿ ಹಸಿವಾತದೆ ಮಾರಾಯಾ,” ಎನ್ನುತ್ತಿದ್ದರು ಭಾಯಿ. “ಮನೇಲಿ ಮೀನು ಹುರಿಯೂದೇ ನೆನಪಾತದೆ.”

“ತಳದಲ್ಲಿ ಎಂತ ಕಂಡ್ತು, ಭಾಯಿ?”

“ಎಂತದೂ ಇಲ್ಲ. ಕೆಸರು. ಕಣ್ಣು ಮುಚ್ಚಿದ್ರೂ ಅಷ್ಟೆ, ಬಿಟ್ರೂ ಅಷ್ಟೆ.”

ನಾನು ನಂಬುತ್ತಿರಲಿಲ್ಲ. ಯಾಕೆಂದರೆ ಒಮ್ಮೊಮ್ಮೆ ಬಾಯಿ ತಪ್ಪಿ ಬೇರೆ ಹೇಳುತ್ತಿದ್ದರು. ಮಳೆಗಾಲ ಮುಗಿದ ಹೊಸತರಲ್ಲಿ ಹೊಳೆಯ ನೀರು ಮೇಲೆ ತಂಪು, ಅದರಡಿಗೆ ನುಗ್ಗಿದ ಸಮುದ್ರದ ನೀರು ಬೆಚ್ಚಗೆ. ನಡುವೆ ನಿಂತರೆ ತಲೆಗೆ ಚಳಿ, ಕಾಲಿಗೆ ಬೇಸಿಗೆ ಎಂದರು. ಅದನ್ನು ಕೇಳಿದ ಮೇಲೆ ನನಗೆ ಊಟ ಸೇರಲಿಲ್ಲ.

ನನ್ನನ್ನೂ ಒಮ್ಮೆ ಇಳಿಸಿ ಎಂದು ಭಾಯಿಯನ್ನು ಕಾಡತೊಡಗಿದೆ. ಇಳಿಸುತ್ತಿದ್ದರೋ ಏನೋ. ಅಷ್ಟರಲ್ಲಿ ಒಂದು ಎಡವಟ್ಟಾಯಿತು. ಅಕ್ಕನ ಮಗನ ಉಪನಯನಕ್ಕೆಂದು ನಾನು ಇಡಗುಂಜಿಗೆ ಹೋದ ದಿನ, ನನ್ನ ಬದಲಿಗೆ ಬಂದ ಡ್ರೈವರ್ ಪಂಪಿಗೆ ಎಂಜಿನ್ ಆಯಿಲ್ ಸುರಿದ. ಯಂತ್ರವಲ್ಲವೇ, ಒಳ್ಳೆಯ ಎಣ್ಣೆಯನ್ನೇ ಹಾಕಿದ್ದೇನೆ ಎಂದು ಅವನ ಎಣಿಕೆ. ಅದು ಪಂಪಿನೊಳಗೆ ಕಾದು ಎದ್ದ ಹೊಗೆವಾಸನೆಯನ್ನು ನೀರಡಿಯಲ್ಲಿ ಕುಡಿದ ಭಾಯಿಯನ್ನು ಮೇಲಕ್ಕೆ ಎಳೆದಾಗ ಟೋಪಿಯೊಳಗೆಲ್ಲ ವಾಂತಿ. ಸ್ವಲ್ಪದರಲ್ಲಿ ಉಳಿದರು. ಅಂದಿನಿಂದ, ಪಂಪಿನ ಹತ್ತಿರ ನಾನಿಲ್ಲದಿದ್ದರೆ ಇಳಿಯುವುದಿಲ್ಲ ಎಂದು ಎಂಜಿನಿಯರ್ ಸಾಹೇಬರಿಗೇ ಹೇಳಿಬಿಟ್ಟರು. ಎಲ್ಲರೂ ನನ್ನನ್ನು ಹೊಗಳಿದರು. ನನಗೋ ಅಳು ಬಂತು. ಪಂಪು ಬಿಟ್ಟು ಅಲುಗಾಡುವಂತಿಲ್ಲ ಎಂದಮೇಲೆ ನಾನು ಮುಳುಗುವುದೆಲ್ಲಿ ಬಂತು!

ಆದರೂ ಕಾಡುವುದನ್ನು ಬಿಡಲಿಲ್ಲ. ಕೊನೆಗೊಮ್ಮೆ ಭಾಯಿ ಸೋತರು. “ಕೆಲ್ಸ ಮುಗೀಲಿ. ಹೋಗೂಕೆ ಮುಂಚೆ ಒಂದ್ಸಲ ಇಳಿಸ್ತೆ. ಪಂಪು ನಾನೇ ನೋಡ್ತೆ. ಆತು?”

“ಆತು,” ಎಂದೆ.

ಕೊನೆಯ ಕಾಂಕ್ರೀಟ್ ಬಾವಿಯೂ ತಳ ಮುಟ್ಟಿ ಕೂತಿತು. ಸಾಮಾನು ಮುಂಬಯಿಗೆ ಹೊರಡುವ ಮುನ್ನಾದಿನ ಬೆಳಿಗ್ಗೆ ಹೊಳೆ ತಿಳಿಯಾಗಿತ್ತು. ಭಾಯಿ ತಾವೇ ನನಗೆ ರಬ್ಬರಿನ ಅಂಗಿ ತೊಡಿಸಿ, ತೇಲದಂತೆ ಕಾಲಿಗೆ ಸೀಸದ ಜೋಡು, ಸೊಂಟಕ್ಕೆ ಸನ್ನೆಯ ಹಗ್ಗ ಕಟ್ಟಿ, ಟೋಪಿ ಬಿಗಿದು, ಹಗ್ಗದ ತುದಿ ತಾವೇ ಹಿಡಿದರು. ತೆಪ್ಪದ ಸದ್ದೆಲ್ಲ ಒಮ್ಮೆಲೇ ನಿಂತು, ಕಿವಿಯ ಪಕ್ಕದಲ್ಲಿ ನನ್ನದೇ ವಾಲ್ವು ಟಿಕ್ ಟಿಕ್ ಎನ್ನತೊಡಗಿತು. ಇಷ್ಟು ವರ್ಷ ನೋಡಿಕೊಂಡಿದ್ದೆ, ಅದರ ಒಳಗಿನ ದನಿ ಕೇಳಿರಲಿಲ್ಲ. ಏಣಿಯಲ್ಲಿ ಇಳಿದೆ. ಗಾಜಿನ ಅರ್ಧಕ್ಕೆ ನೀರು ಬಂತು, ಆಮೇಲೆ ಪೂರ್ತಿ. ಹಸಿರು. ಬಿಸಿಲು ಅದರೊಳಗೆ ಅಲುಗುತ್ತಿತ್ತು. ಕಾಲಿಗೆ ಬೆಚ್ಚಗಾಗುತ್ತದೆಯೇ ಎಂದು ಇನ್ನೊಂದು ಮೆಟ್ಟಿಲು ಇಳಿದೆ.

ಅಷ್ಟರಲ್ಲಿ ಹಗ್ಗ ಜಗ್ಗಿತು, ಮೇಲೆ ಬಾ ಎಂದು. ಎಲ್ಲ ಸರಿ ಇದೆ ಎಂದು ನಾನು ಮರಳಿ ಜಗ್ಗಿದೆ. ಕೇಳಲಿಲ್ಲ. ಬಾವಿಯಿಂದ ಕೊಡ ಎಳೆದ ಹಾಗೆ ಎಳೆದು ಹಾಕಿದರು.

ಟೋಪಿ ತೆಗೆದದ್ದು ಬೇರೆ ಯಾರೋ. ಭಾಯಿ ಎಳೆದ ಹಗ್ಗವನ್ನು ಇನ್ನೂ ಮುಷ್ಟಿಯಲ್ಲೇ ಹಿಡಿದು ಕೂತಿದ್ದರು. ನನಗೆ ಅದೆಲ್ಲ ಕಾಣುವ ವ್ಯವಧಾನವಿರಲಿಲ್ಲ. “ಎಂತ ಆತು? ಎಂತಕ್ಕೆ ಎಳದ್ರಿ?” ಎಂದು ಕೂಗಾಡಿದೆ.

“ಎಂತದೂ ಆಗ್ಲಿಲ್ಲ,” ಎಂದರು. “ನಿನ್ ತಲೆ ಕಾಣ್ದೇ ಹೋತು.”

ಆಮೇಲೆ ಅವರೇ ಕೇಳಿದರು:

“ಇಷ್ಟು ವರ್ಷ ನೀ ಹೆಂಗೆ ನಿಂತಿದ್ದೆ ಇಲ್ಲಿ?”

“ದಿನಾ ಹೆದ್ರಿಕೆ ಆಗ್ತಿತ್ತು, ಭಾಯಿ.” ಅಲ್ಲಿಯವರೆಗೆ ಆ ಮಾತನ್ನು ನನಗೆ ನಾನೇ ಹೇಳಿಕೊಂಡಿರಲಿಲ್ಲ.

“ಹೇಳ್ಬಾರದಿತ್ತ?”

“ಹೇಳಿದ್ರೆ ನೀವು ಇಳೀತಿದ್ರ?”

ಭಾಯಿ ನನ್ನ ಕಾಲಿನ ಬುಡದಲ್ಲಿ ಕೂತು ಸೀಸದ ಜೋಡು ಬಿಚ್ಚಿದರು. ಮರುದಿನ ಸಾಮಾನಿನ ಜೊತೆ ಹೊರಟುಹೋದರು. ಮತ್ತೆ ನಮ್ಮ ಭೇಟಿ ಆಗಲಿಲ್ಲ.

ಸೇತುವೆಯ ಮೇಲೆ ಬಸ್ಸು ಹೋಗುವಾಗ ನನಗೆ ಈಗಲೂ ಆ ತಳಕ್ಕೆ ಹೋಗಬೇಕು ಎನಿಸುತ್ತದೆ. ಆದರೆ ಮೇಲೆ ಹಗ್ಗ ಹಿಡಿಯಲು ಭಾಯಿಯೇ ಬೇಕು, ಎರಡು ಮೆಟ್ಟಿಲಿಗೇ ಎಳೆದುಬಿಡುತ್ತಾರೆ ಎಂದು ಗೊತ್ತಿದ್ದರೂ.