ಕುಸಿದ ಕಟ್ಟಡದೊಳಗಿನ ಉಸಿರು

ಲಿಂಗರಾಜಪುರದಲ್ಲಿ ಎರಡಂತಸ್ತಿನ ಹಳೆಯ ಕಟ್ಟಡವೊಂದು ಕುಸಿದಿದೆ, ನಿಮ್ಮ ಯಂತ್ರ ತರುತ್ತೀರಾ ಎಂದು ಅಗ್ನಿಶಾಮಕ ದಳದ ಅಧಿಕಾರಿ ಫೋನ್ ಮಾಡಿದಾಗ ಬೆಳಿಗ್ಗೆ ಹನ್ನೊಂದು ಗಂಟೆ. ಗೋಡೆಯಾಚೆಗಿನ ಮನುಷ್ಯನ ಉಸಿರನ್ನು ರೇಡಾರ್‌ನಿಂದ ಪತ್ತೆ ಮಾಡುವ ಪೆಟ್ಟಿಗೆಯನ್ನು ದೊಡ್ಡನೆಕ್ಕುಂದಿಯ ನಮ್ಮ ಸಣ್ಣ ಆಫೀಸಿನಲ್ಲಿ ತಯಾರಿಸುತ್ತಿದ್ದೆವು. ಅದರ ಅಲೆಗಳು ಇಟ್ಟಿಗೆ, ಕಾಂಕ್ರೀಟು ದಾಟಿ ಹೋಗಿ ಹಿಂದಿರುಗುತ್ತವೆ. ಯಾರದಾದರೂ ಎದೆ ಅಕ್ಕಿಕಾಳಿನಷ್ಟು ಏರಿಳಿದರೂ ಪರದೆಯ ಮೇಲಿನ ಗೆರೆ ಅಲುಗುತ್ತದೆ. ಹಿಂದಿನ ತಿಂಗಳು ಆ ಅಧಿಕಾರಿಗೆ ಅದನ್ನು ತೋರಿಸಿದ್ದೆವು. ಸಿಮೆಂಟ್ ಇಟ್ಟಿಗೆಗಳ ರಾಶಿಯ ಹಿಂದೆ ನನ್ನ ಸಹೋದ್ಯೋಗಿ ಮಲಗಿದ್ದ. ನೋಡಿದವರೆಲ್ಲ ಚಪ್ಪಾಳೆ ತಟ್ಟಿದ್ದರು.

ರಿಂಗ್ ರಸ್ತೆಯ ಟ್ರಾಫಿಕ್ಕಿನಲ್ಲಿ ಸಹೋದ್ಯೋಗಿ ಕಾರು ಓಡಿಸುತ್ತಿದ್ದರೆ, ನಾನು ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅದರ ಬ್ಯಾಟರಿ ನೋಡುತ್ತಿದ್ದೆ.

ಪಕ್ಕದ ಸೈಟಿನಲ್ಲಿ ಪಾಯ ತೋಡಿದ್ದರಿಂದ ಗೋಡೆ ಜಾರಿತ್ತು. ಮೇಲಿನ ಅಂತಸ್ತು ಖಾಲಿಯಿತ್ತು, ಕೆಳಗಡೆ ಒಂದು ಟೈಲರ್ ಅಂಗಡಿ. ಟೈಲರ್ ಮತ್ತು ಅವನ ತಮ್ಮ ಒಳಗಿದ್ದರು. ನೂಲು ತರಲು ಹೋಗಿದ್ದ ಟೈಲರನ ಹೆಂಡತಿ ಮಾತ್ರ ಹೊರಗೆ ಉಳಿದಿದ್ದಳು. ಪೆಟ್ಟಿಗೆ ನೋಡಿದ್ದೇ ಬಂದು ನನ್ನ ಕೈ ಹಿಡಿದಳು.

"ಅಕ್ಕಾ, ನಮ್ಮೋರು ಮುಂದ್ಗಡೆ ಮೆಷಿನ್ ಹತ್ರ ಕೂತಿದ್ರು. ಮೈದುನ ಹಿಂದ್ಗಡೆ ಇಸ್ತ್ರಿ ಮಾಡ್ತಿದ್ದ. ಬೇಗ ನೋಡಿ ಅಕ್ಕಾ."

ಅಧಿಕಾರಿ ಜೆಸಿಬಿ ನಿಲ್ಲಿಸಿದರು. "ಎಲ್ಲಾ ಹಿಂದೆ ಹೋಗ್ರಿ! ಯಾರೂ ಅಲ್ಲಾಡ್ಬೇಡಿ!" ಎಂದು ಕೂಗಿದರು. ಹತ್ತಿರ ಯಾರು ನಡೆದರೂ ಗೆರೆ ಕೆಡುತ್ತಿತ್ತು.

ಪೆಟ್ಟಿಗೆಯನ್ನು ಮೊದಲು ಮುಂಭಾಗಕ್ಕೆ ಹಿಡಿದೆ. ಗೆರೆ ನೆಟ್ಟಗೆ ಮಲಗಿತ್ತು. ಕಾದೆ. ಏನೂ ಇಲ್ಲ. ಹಿಂಭಾಗಕ್ಕೆ ಹೋದೆ. ಗೆರೆ ಏರಿತು, ಇಳಿಯಿತು, ನಿಂತಿತು. ಮತ್ತೆ ಏರಿತು. ಇದು ನನ್ನದೇ ಉಸಿರಿರಬಹುದೆಂದು ಭಯವಾಗಿ ಉಸಿರು ಬಿಗಿಹಿಡಿದೆ. ಗೆರೆ ಏರಿಳಿಯುತ್ತಲೇ ಇತ್ತು.

"ಹಿಂದೆ ಒಬ್ರು ಉಸಿರಾಡ್ತಿದ್ದಾರೆ ಸರ್."

"ಮುಂದೆ?"

"ಇಲ್ಲ ಸರ್."

"ಹಾಗಾದ್ರೆ ಹಿಂದಿಂದ್ಲೇ ಶುರು ಮಾಡೋಣ. ನಮ್ ಹತ್ರ ಇರೋದೇ ಇಷ್ಟು ಜನ."

ನನ್ನ 'ಇಲ್ಲ' ಆ ಹೆಂಗಸಿನ ಕಿವಿಗೂ ಬಿತ್ತು. ಅವಳು ನನ್ನಿಂದ ಮುಖ ತಿರುಗಿಸಿ ಮುಂಭಾಗದ ರಾಶಿಯ ಕಡೆ ನೋಡಿದಳು.

ಕೈಯಿಂದಲೇ ಅವಶೇಷ ತೆಗೆಯಲು ಎರಡು ಗಂಟೆ ಹಿಡಿಯಿತು. ಮೈದುನ ಬಟ್ಟೆ ಕತ್ತರಿಸುವ ಮೇಜಿನಡಿ ಸಿಕ್ಕಿದ. ಕಾಲು ಮುರಿದಿತ್ತು, ಮೈಯೆಲ್ಲ ಧೂಳು. "ನಮ್ಮಣ್ಣ ಎಲ್ಲಿ?" ಎಂದು ಕೇಳಿದ.

ಆಮೇಲೆ ಮುಂಭಾಗದ ಕಲ್ಲುಮಣ್ಣು ತೆಗೆದರು. ಕೆಳಗೆ ಸುಕ್ಕಾಗಿ ಬಿದ್ದಿತ್ತು ಅಂಗಡಿಯ ರೋಲಿಂಗ್ ಷಟರ್. ಸಹೋದ್ಯೋಗಿ ನನ್ನ ಮುಖ ನೋಡಿದ. ರೇಡಾರ್ ತಗಡನ್ನು ದಾಟುವುದಿಲ್ಲ. ನಮ್ಮ ಕೈಪಿಡಿಯಲ್ಲಿ ಆ ಮಾತು ಬರೆದವಳು ನಾನೇ. ಅಂಗಡಿ ಎಂದರೆ ಷಟರ್ ಇದ್ದೇ ಇರುತ್ತದೆ ಎಂಬುದು ಮುಂಭಾಗಕ್ಕೆ ಪೆಟ್ಟಿಗೆ ಹಿಡಿದಾಗ ತಲೆಗೆ ಹೊಳೆದಿರಲಿಲ್ಲ.

ಓಡಿಹೋಗಿ ಅಧಿಕಾರಿಗೆ ಹೇಳಿದೆ. "ಸರ್, ನಾನು ಇಲ್ಲ ಅಂದಿದ್ದು ತಪ್ಪು. ಈ ತಗಡಿನ ಕೆಳಗೆ ಏನಿದೆಯೋ ನಂಗೆ ಗೊತ್ತಿಲ್ಲ. ಬದುಕಿರ್ಬಹುದು."

ಅವರು ಬೈಯಲಿಲ್ಲ. "ಕಟರ್ ತಗೊಂಬನ್ರೋ!" ಎಂದು ಕಿರುಚಿದರು. ತಗಡು ಕೊಯ್ಯುವ ಸದ್ದು ನಿಲ್ಲುವವರೆಗೆ ನಾನು ಕಾಂಪೌಂಡಿಗೆ ಒರಗಿ ನಿಂತಿದ್ದೆ.

ಟೈಲರ್ ಬದುಕಿರಲಿಲ್ಲ.

ಎರಡು ದಿನ ಬಿಟ್ಟು ಅಧಿಕಾರಿ ಫೋನ್ ಮಾಡಿದರು. ತೊಲೆ ತಲೆಗೆ ಬಿದ್ದು, ನಾವು ಬರುವ ಮೊದಲೇ ಪ್ರಾಣ ಹೋಗಿತ್ತೆಂದು ಡಾಕ್ಟರ್ ಹೇಳಿದರಂತೆ. "ನಿನ್ನ ತಪ್ಪೇನಿಲ್ವಲ್ಲ, ಬಿಡು" ಎಂದ ಸಹೋದ್ಯೋಗಿ.

"ನಾನು 'ಇಲ್ಲ' ಅಂದಾಗ ನಂಗೆ ಅದು ಗೊತ್ತಿತ್ತಾ?" ಎಂದೆ.

ಟೈಲರನ ಹೆಂಡತಿ ಹಲಸೂರಿನ ತವರುಮನೆಯಲ್ಲಿದ್ದಳು. ಹೋಗಿ ಷಟರಿನ ವಿಷಯವನ್ನೂ ಡಾಕ್ಟರ್ ಹೇಳಿದ್ದನ್ನೂ ಮುಚ್ಚಿಡದೆ ಹೇಳಿದೆ. ಮೈದುನ ಒಳಗೆ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ. ಅವಳು ಅವನಿದ್ದ ಕೋಣೆಯ ಕಡೆ ನೋಡಿದಳು.

"ಇವನು ಉಸಿರಾಡ್ತಿದ್ದಾನೆ ಅಂದಿದ್ದೂ ನೀವೇ ಅಲ್ವಾ?" ಎಂದಳು.

"ಹೌದು."

"ಇನ್ಮುಂದೆ ಎಲ್ಲೇ ಹೋದ್ರೂ, ಒಳಗೆ ಏನೇನಿತ್ತು ಅಂತ ಮೊದ್ಲು ಮನೆಯವ್ರನ್ನ ಕೇಳಿ ಅಕ್ಕಾ. ನಂಗೆ ಷಟರ್ ಇರೋದು ಗೊತ್ತಿತ್ತು. ನೀವು ಕೇಳ್ಲೇ ಇಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಕೇಳುತ್ತೇನೆ ಎಂದು ತಲೆಯಾಡಿಸಿದೆ.