ಚಾಂದಿಬಾಯಿ ಕಲಿಸಿದ ಅಳು

ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯಲ್ಲಿ ತೊಟ್ಟು ಬಿಡಿಸುವ ಸಾಲಿನಲ್ಲಿ ಚಾಂದಿಬಾಯಿಯದು ನನ್ನ ಪಕ್ಕದ ಜಾಗ. ಅವಳು ಕಾಗಿನೆಲೆ ರಸ್ತೆಯ ಲಂಬಾಣಿ ತಾಂಡಾದವಳು. ಘಾಟಿಗೆ ಸೀನುತ್ತ, ಮಾಲಕನನ್ನು ಬೈಯುತ್ತ ಇಬ್ಬರೂ ಅರ್ಧ ಆಯುಷ್ಯ ಇಲ್ಲೇ ಕಳೆದಿದ್ದೇವೆ. ಅಂಥವಳನ್ನು ಅವಳ ತಾಂಡಾದವರೇ 'ದೇವರನ್ನ ಮಾರಿಕೊಂಡಾಕಿ' ಅನ್ನುತ್ತಾರಂತೆ! ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಮಾರಿಕೊಳ್ಳುವ ಬುದ್ಧಿ ಇದ್ದಿದ್ದರೆ ಈ ಘಾಟಿನಲ್ಲಿ ಯಾಕೆ ಕೂರುತ್ತಿದ್ದಳು?

ಆದದ್ದಿಷ್ಟು. ಹೋದ ವರ್ಷ ನಾಗರಕೋಯಿಲ್ ಕಡೆಯಿಂದ ಸೆಲ್ವಿನ್, ಗ್ರೇಸಿ ಎಂಬ ಪಾದ್ರಿ ದಂಪತಿ ಬಂದು ಊರಲ್ಲಿ ಬಾಡಿಗೆ ಮನೆ ಹಿಡಿದರು. ಲಂಬಾಣಿ ಮಾತಿಗೆ ತನ್ನದೇ ಲಿಪಿ ಇಲ್ಲ. ಅದನ್ನು ಕಲಿತು ತಮ್ಮ ಧರ್ಮಗ್ರಂಥವನ್ನು ಆ ಮಾತಿಗೆ ತರಬೇಕೆಂಬುದು ಅವರ ಹಂಬಲ. ಅದನ್ನವರು ಮುಚ್ಚಿಟ್ಟೂ ಇರಲಿಲ್ಲ. ಗ್ರೇಸಿ ನಮ್ಮ ಸಾಲಿಗೇ ಬಂದು ಕುಳಿತು, ಕಾಯಿ ಬಿಡಿಸುತ್ತ, ಲಂಬಾಣಿಯಲ್ಲಿ ಅದಕ್ಕೇನಂತಾರೆ, ಇದಕ್ಕೇನಂತಾರೆ ಎಂದು ಚಾಂದಿಬಾಯಿಯನ್ನು ಕಾಡತೊಡಗಿದಳು. ಮೊದಲ ದಿನವೇ ಅದೇ ಕೈಯಲ್ಲಿ ಕಣ್ಣುಜ್ಜಿಕೊಂಡು ಬೊಬ್ಬೆ ಹೊಡೆದಾಗ ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಚಾಂದಿಬಾಯಿ ಮಾತ್ರ ಎದ್ದುಹೋಗಿ ತಣ್ಣೀರು ತಂದು ಅವಳ ಮುಖ ತೊಳೆಸಿದಳು.

"ಯಾಕವಾ ಕಲಸ್ತೀ ಇಕಿಗೆ? ತಾಂಡಾದಾಗ ಏನಂದಾರು?" ಅಂದೆ.

"ಪ್ಯಾಟ್ಯಾಗ ನಮ್ಮ ಮಾತು ಕೇಳಿದ್ರ ನಗತಾರ, ಶಾರದವ್ವಾ. ನನ್ನ ಮೊಮ್ಮಗಳೂ ಬಸ್ಸಿನ್ಯಾಗ ಅದನ್ನ ಆಡಂಗಿಲ್ಲ. ಇಕಿ ಅಷ್ಟು ದೂರದಿಂದ ಕಲಿಯಾಕ ಬಂದಾಳ. ಒಲ್ಲೆ ಅಂತ ಹೆಂಗನ್ನಲಿ?"

ಗ್ರೇಸಿ ಚುರುಕು. ಕನ್ನಡ ತೊದಲುತ್ತಿದ್ದ ಬಾಯಲ್ಲಿ ಲಂಬಾಣಿ ಸಲೀಸಾಗಿ ಹರಿಯತೊಡಗಿತು. ಚಾಂದಿಬಾಯಿಯನ್ನು 'ಯಾಡಿ', ಅಂದರೆ ಅವ್ವಾ, ಎಂದೇ ಕರೆಯುತ್ತಿದ್ದಳು. ಕೊನೆಗೊಂದು ದಿನ ಢಾವಲೋ ಕಲಿಸೆಂದು ಕೇಳಿದಳು. ಮದುಮಗಳು ತವರು ಬಿಡುವಾಗ ಹಿರಿಯಳೊಬ್ಬಳ ಕೊರಳು ತಬ್ಬಿ ಹಾಡಿಕೊಂಡು ಅಳುವುದೇ ಢಾವಲೋ. ತಬ್ಬಿಸಿಕೊಂಡವಳು ಹಾಡಿನಲ್ಲೇ ಅತ್ತು ಹರಸಬೇಕು. ಆ ತಾಂಡಾದ ಪದ್ಧತಿಯಲ್ಲಿ ಅವಳು ಬೇರೆ ಮನೆಯ ಮುತ್ತೈದೆಯೇ ಆಗಬೇಕು.

"ಕಲಸ್ತೀನಿ. ಆದ್ರ ಎದ್ಯಾಗ ಇಲ್ಲದ್ದನ್ನ ಬಾಯಾಗ ಅಳಬ್ಯಾಡ. ಸುಳ್ಳ ಅಳು ಹೋಗೋ ಹುಡುಗಿಗೆ ಒಳ್ಳೇದಲ್ಲ" ಅಂದಳು ಚಾಂದಿಬಾಯಿ.

ಅಷ್ಟರಲ್ಲಿ ಮೊಮ್ಮಗಳು ನೀಲಾಳ ಮದುವೆ ರಾಣೆಬೆನ್ನೂರು ಕಡೆಯ ತಾಂಡಾದ ಹುಡುಗನೊಂದಿಗೆ ಗೊತ್ತಾಯಿತು. ತಾಯಿಯಿಲ್ಲದ ಆ ಹುಡುಗಿಯನ್ನು ವಿಧವೆ ಅಜ್ಜಿಯೇ ಸಾಕಿದ್ದಳು. ಅದೇ ಹೊತ್ತಿಗೆ ಚಾಂದಿಬಾಯಿಯ ತಾಂಡಾದ ನಾಯಕ ಹನುಮೇಶ ಅವಳ ಬಾಗಿಲಿಗೆ ಬಂದ.

"ಇವತ್ತು ಅವರಿಗೆ ನಮ್ಮ ಮಾತು ಕಲಿಸಿ ಕೊಟ್ಟಿ. ನಾಳೆ ಇದ ಮಾತಿನ್ಯಾಗ ನಮ್ಮ ಮಕ್ಕಳಿಗೆ ಬ್ಯಾರೆ ದೇವರ ಕತಿ ಹೇಳ್ತಾರ. ಅವರನ್ನ ಬಿಡು. ಇಲ್ಲಾಂದ್ರ ನಿನ್ನ ಮನಿ ಢಾವಲೋಕ್ಕ ಯಾವಾಕೀನೂ ಬರಂಗಿಲ್ಲ."

ಅವನ ಅಂಜಿಕೆ ಪೂರ್ತಿ ಸುಳ್ಳೆಂದು ನಾನು ಹೇಳಲಾರೆ. ಆದರೆ ಹುಡುಗಿಯ ಮದುವೆಯಲ್ಲೇನು ಹಟ? ಚಾಂದಿಬಾಯಿಯೂ ಕಡಿಮೆಯವಳಲ್ಲ. ಮನೆಗೆ ಬಂದವಳನ್ನು ಹೊರಗೆ ಹಾಕಲಾರೆ ಎಂದುಬಿಟ್ಟಳು. ಹೊರಗೆ ಗಟ್ಟಿಯಾಗಿದ್ದವಳು ಸಾಲಿನಲ್ಲಿ ಕುಳಿತು ನನ್ನೆದುರು ಅತ್ತಳು. "ಅಳೋರಿಲ್ಲದ ಹುಡುಗಿನ್ನ ಕಳಿಸಿದ್ರ ಬೀಗರು ಏನಂತಾರ? ದಿಕ್ಕಿಲ್ಲದಾಕಿ ಅಂತಾರ." ಪಕ್ಕದಲ್ಲಿದ್ದ ಗ್ರೇಸಿ ಅವಳ ಕೈ ಹಿಡಿದು, "ನಾನು ಬರ್ತೀನಿ, ಯಾಡಿ" ಅಂದಳು.

ಮದುವೆಯ ದಿನ ಊಟಕ್ಕೆ ಬಂದ ಹೆಂಗಸರೆಲ್ಲ, ಬೀಳ್ಕೊಡುವ ಹೊತ್ತಿಗೆ ತಮ್ಮ ತಮ್ಮ ಮನೆ ಸೇರಿಕೊಂಡರು. ಬೀಗರ ಟೆಂಪೋ ಹಾರ್ನ್ ಹೊಡೆಯುತ್ತಿತ್ತು. ನಾನಿದ್ದೆ, ಇದ್ದು ಏನು ಬಂತು? ನನಗೆ ಆ ಮಾತು ಅಷ್ಟಿಷ್ಟು ತಿಳಿದೀತು, ಆಡಲು ಬಾರದು. ನೀಲಾ ಗ್ರೇಸಿಯ ಕೊರಳು ತಬ್ಬಿ ಹಾಡಿಕೊಂಡು ಅಳತೊಡಗಿದಳು. ಗ್ರೇಸಿ ತಿರುಗಿ ಹಾಡಿದಳು ನೋಡ್ರಿ, ಅಬ್ಬಾ! ಹುಟ್ಟಿದ ಮನೆಯ ಹೊಸ್ತಿಲನ್ನು, ತಾಯಿಯಿಲ್ಲದ ಮಗುವನ್ನು, ಅಜ್ಜಿಯ ಒಣಗಿದ ಕೈಯನ್ನು ಹೆಸರಿಸಿ ಹೆಸರಿಸಿ ಅತ್ತಳು. ಅದು ನಟನೆಯಲ್ಲ, ಅವಳ ಗಲ್ಲ ತೋಯ್ದಿತ್ತು. ಒಂದೊಂದೇ ಬಾಗಿಲು ತೆರೆದು ಹೆಂಗಸರು ಇಣುಕಿದರು.

ಕೊನೆಯದು ಹರಸುವ ಸಾಲು. ತಾಂಡಾದ ದೇವರುಗಳನ್ನು ನೆನೆದು, ಸೇವಾಲಾಲ ಕಾಯಲಿ, ಮರಿಯಮ್ಮ ಕಾಯಲಿ ಎಂದರೆ ಮುಗಿಯಿತು, ಹುಡುಗಿ ಹೊರಡಬಹುದು. ಕಲಿಯುವಾಗ ಗ್ರೇಸಿ ಅದನ್ನೂ ಕಲಿತಿದ್ದಳು. ಆದರೆ ಕಲಿಯುವುದು ಬೇರೆ, ತಾನು ನಂಬದ ದೇವರ ಹೆಸರಲ್ಲಿ ಹರಸುವುದು ಬೇರೆ. ಆ ಸಾಲು ಅವಳ ಬಾಯಿಂದ ಹೊರಡಲಿಲ್ಲ. ಚಾಂದಿಬಾಯಿ ಅವಳ ಬಾಯನ್ನೇ ನೋಡುತ್ತಿದ್ದಳು. ಬಾಗಿಲಲ್ಲಿದ್ದ ಹೆಂಗಸರೂ ನೋಡಿದರು, ಯಾರೂ ಹೊಸ್ತಿಲು ದಾಟಲಿಲ್ಲ. ನೀಲಾ ಕಾದಳು. ಆಮೇಲೆ ಕೈ ಸಡಿಲಿಸಿ, ಕಣ್ಣೊರೆಸಿಕೊಂಡು, ಆ ಸಾಲನ್ನು ತಾನೇ ಸಣ್ಣ ದನಿಯಲ್ಲಿ ಹೇಳಿಕೊಂಡು, ಹೋಗಿ ಟೆಂಪೋ ಹತ್ತಿದಳು.

ಮರುವಾರ ಗ್ರೇಸಿ ಸಾಲಿಗೆ ಬಂದಾಗ ನಾನು ಬಿಡಲಿಲ್ಲ. "ಒಂದು ಸಾಲು ಅಂದಿದ್ರ ನಿನ್ನ ಗಂಟೇನು ಹೋಗತಿತ್ತು?" ಎಂದು ಹರಿಹಾಯ್ದೆ.

"ಬೈಬ್ಯಾಡ, ಶಾರದವ್ವಾ" ಅಂದಳು ಚಾಂದಿಬಾಯಿ. "ಎದ್ಯಾಗ ಇಲ್ಲದ್ದನ್ನ ಅಳಬ್ಯಾಡ ಅಂತ ಹೇಳಿದಾಕಿ ನಾನ. ಕಲಿಸಿದಂಗ ನಡಕೊಂಡಾಳ."

ಗ್ರೇಸಿ ಕಣ್ಣು ತುಂಬಿಕೊಂಡು 'ಯಾಡಿ' ಎಂದು ಶುರುಮಾಡಿ ಲಂಬಾಣಿಯಲ್ಲಿ ಏನೇನೋ ಹೇಳಿದಳು. ಚಾಂದಿಬಾಯಿ ಎಲ್ಲವನ್ನೂ ಕೇಳಿಸಿಕೊಂಡಳು. ಸರಿದು ಜಾಗ ಮಾಡಿಕೊಟ್ಟಳು.

"ಕುಂದರವಾ" ಅಂದಳು, ಕನ್ನಡದಲ್ಲಿ. ಮೊದಲೆಲ್ಲ ಗ್ರೇಸಿಯೊಂದಿಗೆ ಲಂಬಾಣಿಯನ್ನೇ ಆಡುತ್ತಿದ್ದವಳು, ಈಗಲೂ ಅವಳೊಂದಿಗೆ ಕನ್ನಡದಲ್ಲೇ ಮಾತಾಡುತ್ತಾಳೆ.